ಒಂದೇ ಪ್ರಶ್ನೆಪತ್ರಿಕೆ, ಎರಡು ಲೆಕ್ಕ

ತಾಯಲೂರಿನಲ್ಲಿರುವ ನನ್ನ ತಮ್ಮನ ಮನೆ ನಡೆಯುವುದು ಡೇರಿಯ ಬಟವಾಡೆಯಿಂದ, ಬೆಲೆ ಸಿಕ್ಕ ವರ್ಷ ಟೊಮೆಟೊದಿಂದ. 2023ರಲ್ಲಿ ಮಗಳು ಕಾಮರ್ಸ್‌ನಲ್ಲಿ ಪಿಯುಸಿ ಮುಗಿಸಿದಾಗ, ಕೆ.ಆರ್. ಪುರದ ಕಡೆಯ ಖಾಸಗಿ ಕಾಲೇಜೊಂದಕ್ಕೆ ಬಿ.ಕಾಂ. ಸೇರಿಸಲು ಹೊರಟಿದ್ದ. ಫೀಸು, ಪಿ.ಜಿ., ಊಟ ಸೇರಿ ಮೂರು ವರ್ಷಕ್ಕೆ ನಾಲ್ಕು ಲಕ್ಷ. "ಅಣ್ಣಾ, ದುಡ್ಡು ಕಟ್ಟಿದ್ರೆ ತಾನೆ ಚೆನ್ನಾಗಿ ಹೇಳ್ಕೊಡೋದು?" ಎಂದ.

ಸಾಲ ಮಾಡಿದರೆ ಎಷ್ಟಾಗುತ್ತದೆ ಎಂದು ಇಬ್ಬರೂ ಕೂತು ನೋಡಿದೆವು. ಶೇ 10ರ ಬಡ್ಡಿಗೆ ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,640 ರೂಪಾಯಿ ಕಂತು, ಒಟ್ಟು 5.58 ಲಕ್ಷ. ಓದುವಾಗಿನ ಬಡ್ಡಿ ಬೇರೆ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ವಿನಾಯಿತಿ ಆದಾಯ ತೆರಿಗೆ ಕಟ್ಟುವವರಿಗೆ ಮಾತ್ರ. ತಮ್ಮನಿಗೆ ಅದರಿಂದ ಬಿಡಿಗಾಸೂ ಉಳಿಯದು.

ಅವನು ಕೇಳಿಯೇ ಇರದ ಸಂಗತಿ ಇನ್ನೊಂದಿತ್ತು. ಮುಳಬಾಗಿಲು, ಕೋಲಾರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಅವನು ನೋಡಿಬಂದ ಖಾಸಗಿ ಕಾಲೇಜೂ ಸೇರುವುದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೇ. ಸ್ವಾಯತ್ತ ಕಾಲೇಜಾಗಿದ್ದರೆ ಮಾತು ಬೇರೆ, ಅದಲ್ಲ. ಅದೇ ಪಠ್ಯ, ಅದೇ ಪ್ರಶ್ನೆಪತ್ರಿಕೆ, ಅದೇ ಪದವಿ. ಬಿ.ಕಾಂ.ನಲ್ಲಿ ಶೇ 55 ಅಂಕ ಬಂದರೆ ಸಿ.ಎ. ಓದಲು ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಯಾವ ಕಾಲೇಜಿನ ಪದವಿ ಎಂದು ಅಲ್ಲಿ ಕೇಳುವುದಿಲ್ಲ.

ಹುಡುಗಿ ಸರ್ಕಾರಿ ಕಾಲೇಜು ಸೇರಿದಳು. ಆ ಜೂನ್‌ನಲ್ಲಷ್ಟೇ ಶಕ್ತಿ ಯೋಜನೆ ಬಂದಿದ್ದರಿಂದ ಸರ್ಕಾರಿ ಬಸ್ಸಿಗೆ ಕಾಸಿಲ್ಲ. ಆದರೆ ನವೆಂಬರ್‌ನಲ್ಲಿ ಸೇವೆ ಕಾಯಂಗೊಳಿಸುವಂತೆ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತರು. ಅವರ ಬೇಡಿಕೆ ನ್ಯಾಯವಾದದ್ದೇ. ಕಾಯಂ ಹುದ್ದೆ ತುಂಬದೆ ಅವರ ಬೆನ್ನ ಮೇಲೆ ಕಾಲೇಜು ನಡೆಸುವ ಸರ್ಕಾರ, ಬಡವರ ಮಕ್ಕಳಿಂದ ರಸೀದಿಯಿಲ್ಲದ ಫೀಸು ವಸೂಲಿ ಮಾಡುತ್ತಿದೆ ಎಂದೇ ನಾನು ಹೇಳುತ್ತೇನೆ. ನಮ್ಮ ಹುಡುಗಿಗೆ ಅಕೌಂಟ್ಸ್ ಟ್ಯೂಷನ್ ಕೊಡಿಸಬೇಕಾಯಿತು. ಮನೆಯಲ್ಲಿ ಅದಕ್ಕೂ ಗತಿಯಿಲ್ಲದ ಅವಳ ಗೆಳತಿಯರು ಏನು ಮಾಡಬೇಕು?

ಹಾಗಾಗಿ ಅರ್ಜಿ ಹಾಕುವ ಮುನ್ನ ಕಾಲೇಜಿಗೆ ಹೋಗಿ, ನಿಮ್ಮ ಮಗು ಓದುವ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ ಎಂದು ಕೇಳಿ. ಸೀನಿಯರ್ ಮಕ್ಕಳನ್ನು ನಿಲ್ಲಿಸಿ, ಹೋದ ವರ್ಷ ಪಾಠ ನಡೆಯಿತೇ ಎಂದೂ ಕೇಳಿ. ಖಾಸಗಿ ಕಾಲೇಜಿನಲ್ಲೂ ಇವೇ ಪ್ರಶ್ನೆ ಕೇಳಬೇಕು. ಕಟ್ಟಡ ನೋಡಿ ಮರುಳಾಗಬೇಡಿ.

ಟ್ಯೂಷನ್, ಪುಸ್ತಕ ಎಲ್ಲ ಕಳೆದರೂ ನಾಲ್ಕು ಲಕ್ಷದ ಸಾಲ ತಪ್ಪಿತು. ಕಂತು ಕಟ್ಟಬೇಕಿದ್ದ ಹಣದಲ್ಲಿ ಆದಷ್ಟನ್ನು ತಮ್ಮ ಅಂಚೆ ಕಚೇರಿಯ ಆರ್.ಡಿ.ಗೆ ಹಾಕುತ್ತಿದ್ದಾನೆ, ಅವಳ ಸಿ.ಎ. ಓದಿಗೆ.