ರಿಟರ್ನ್ ಬರೆಯುವವರಿಗೆ ಪೂರ್ತಿ ಹೇಳಿ



ಬಸವಾಪಟ್ಟಣ, ಚನ್ನಗಿರಿ ಕಡೆಯ ಸಭೆಗಳಲ್ಲಿ ಆದಾಯ ತೆರಿಗೆ ಮಾತು ಬಂದರೆ ಸಾಕು, “ನಮ್ದು ಅಡಿಕೆ ದುಡ್ಡು, ಅದಕ್ಕೆಲ್ಲಿ ಟ್ಯಾಕ್ಸು?” ಅನ್ನುತ್ತೀರಿ. ಅರ್ಧ ಸರಿ. ಸ್ವಂತ ತೋಟದ ಅಡಿಕೆಯ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಬೇರೆಯವರ ತೋಟವನ್ನು ಖೇಣಿ ಹಿಡಿದು, ಸುಲಿಸಿ, ಬೇಯಿಸಿ ಮಾರಿದರೆ ಅದು ವ್ಯಾಪಾರದ ಲಾಭ. ಅಡಿಕೆ ಹಣವನ್ನೇ ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಅದರ ಬಡ್ಡಿ ಕೃಷಿ ಆದಾಯವಲ್ಲ.

ರಿಟರ್ನ್ ತುಂಬಿಕೊಡುವವರಿಗೆ ಕಷ್ಟ ಆಗೋದು ಇಲ್ಲೇ. ಪಾಸ್‌ಬುಕ್ಕಿನಲ್ಲಿ ಎಲ್ಲಾ ಹಣ ಒಟ್ಟಿಗೆ ಕೂತಿರುತ್ತದೆ. ಯಾವುದು ತೋಟದ್ದು, ಯಾವುದು ಖೇಣಿಯದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಪಹಣಿ, ಮಂಡಿಯ ಪಟ್ಟಿ, ಬಡ್ಡಿಯ ಚೀಟಿ ಮೂರನ್ನೂ ಒಯ್ಯಿರಿ. ಯಜಮಾನರ ಖೇಣಿ ಹಣ ನಿಮ್ಮ ಖಾತೆಗೆ ಬಂದಿದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ. ಕೊನೇ ದಿನ ಚೀಲ ತುಂಬಾ ಕಾಗದ ತಂದು ಸುರಿದರೆ ಯಾರು ತಾನೇ ಸರಿಯಾಗಿ ನೋಡಿಯಾರು!

“ರೀಫಂಡ್ ಜಾಸ್ತಿ ತರಿಸ್ತೀನಿ, ನನಗಿಷ್ಟು ಕೊಡಿ” ಎಂದು ಇಲ್ಲದ ವಿಮೆ, ಕೊಡದ ದಾನ ತೋರಿಸುವವರೂ ಇದ್ದಾರೆ. ನಾಳೆ ವಿಚಾರಣೆ ಬಂದರೆ ಉತ್ತರ ಕೊಡಬೇಕಾದವರು ಪ್ಯಾನ್ ಯಾರದ್ದೋ ಅವರೇ. ಮೊಬೈಲ್ ನಂಬರ್ ಕೂಡ ನಿಮ್ಮದೇ ಹಾಕಿಸಿ. ಅವರದ್ದು ಹಾಕಿದ್ದರೆ ನೋಟಿಸ್ ಬಂದ ಸುದ್ದಿಯೂ ನಿಮಗೆ ಮುಟ್ಟುವುದಿಲ್ಲ.

ಸಲ್ಲಿಸಿದ 30 ದಿನದೊಳಗೆ ಆಧಾರ್ ಓಟಿಪಿಯಿಂದಲೋ ಬೇರೆ ರೀತಿಯಲ್ಲೋ ದೃಢೀಕರಣ ಆಗಬೇಕು. ಆಯಿತೇ ಎಂದು ಕೇಳಿ, ರಸೀದಿ ಇಸ್ಕೊಂಡೇ ಎದ್ದು ಬನ್ನಿ.