ಒಲೆ ಕೊಳ್ಳುವ ಮೊದಲು ಸಂದಿ ಮುಚ್ಚಿ

ಪುಟ್ಟಿ, ಯಾರ್ಕ್‌ಷೈರಿನ ಗುಡ್ಡದ ಊರಿನಲ್ಲಿ ನೂರೈವತ್ತು ವರ್ಷದ ಕಲ್ಲಿನ ಮನೆ ಕೊಂಡಿದ್ದೀರಿ, ಸಂತೋಷ. ಮನೆ ವಿಪರೀತ ಥಂಡಿ, ಎಲ್ಲೆಲ್ಲಿಂದಲೋ ಗಾಳಿ ನುಗ್ಗುತ್ತದೆ, ಅದಕ್ಕೇ ಅಳಿಯಂದಿರು ಎಂಟು ಕಿಲೋವ್ಯಾಟಿನ ಸೌದೆ ಒಲೆ ನೋಡಿಟ್ಟಿದ್ದಾರೆ ಅಂದೆ. ಮುಂಗಡ ಕೊಡುವ ಮೊದಲು ಚಿಕ್ಕಮ್ಮನ ನಾಲ್ಕು ಮಾತು ಕೇಳಿ. ಈ ದೇಶದ ಚಳಿಯಲ್ಲೇ ನನ್ನ ತಲೆ ನರೆತಿದೆ.

ನೀನು ಕಳಿಸಿದ ಅಳತೆ ನೋಡಿದೆ. ಕೂರುವ ಕೋಣೆ ಉದ್ದ 6 ಮೀಟರ್, ಅಗಲ 4.5, ಎತ್ತರ 2.4. ಗುಣಿಸಿದರೆ ಸುಮಾರು 65 ಘನ ಮೀಟರ್. ಇಲ್ಲಿನ ಒಲೆ ಅಂಗಡಿಗಳಲ್ಲಿ ಒಂದು ಅಂದಾಜು ಲೆಕ್ಕವಿದೆ. ಸಾಧಾರಣ ಮನೆಯಾದರೆ ಈ ಸಂಖ್ಯೆಯನ್ನು 14ರಿಂದ ಭಾಗಿಸುತ್ತಾರೆ, ಬಿಸಿ ನಿಲ್ಲದ ಹಳೆಯ ಮನೆಯಾದರೆ 10ರಿಂದ. ಒಂದರಲ್ಲಿ 4.6 ಕಿಲೋವ್ಯಾಟ್ ಬರುತ್ತದೆ, ಇನ್ನೊಂದರಲ್ಲಿ 6.5. ಎಂಟು ಎರಡರಲ್ಲೂ ಇಲ್ಲ. ಕೋಣೆ ಅದೇ ಆದರೂ ಸುಮಾರು ಎರಡು ಕಿಲೋವ್ಯಾಟ್ ಹೆಚ್ಚು ಕಡಿಮೆ ಆಗುವುದು ಗೋಡೆ, ಕಿಟಕಿ, ಸಂದಿಗಳಿಂದ. ಹಾಗಾಗಿ ಕೈ ಹಾಕಬೇಕಾದದ್ದು ಮೊದಲು ಅಲ್ಲಿಗೆ.

ಇನ್ನೊಂದು ಸಂಗತಿ ಅಂಗಡಿಯವರು ಕೊನೆಯಲ್ಲಿ ಹೇಳುತ್ತಾರೆ, ನಾನು ಈಗಲೇ ಹೇಳುತ್ತೇನೆ. ಇಂಗ್ಲೆಂಡಿನ ಕಟ್ಟಡ ನಿಯಮದ ಪ್ರಕಾರ, ಗಾಳಿಯಾಡುವ ಹಳೆಯ ಮನೆಯಲ್ಲಿ 5 ಕಿಲೋವ್ಯಾಟ್‌ವರೆಗಿನ ಒಲೆಗೆ ಸಾಮಾನ್ಯವಾಗಿ ಬೇರೆ ಗಾಳಿಕಿಂಡಿ ಬೇಕಿಲ್ಲ. ಅದನ್ನು ದಾಟಿದರೆ, ಹೆಚ್ಚಿನ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿಲಿಮೀಟರಿನಂತೆ ಮುಚ್ಚಲಾಗದ ಕಿಂಡಿಯನ್ನು ಕೋಣೆಗೆ ಕೊಡಲೇಬೇಕು. ಎಂಟು ಕಿಲೋವ್ಯಾಟಿಗೆ 1,650 ಚದರ ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರ್ ಚೌಕದ ತೂತು. ಜನವರಿಯ ರಾತ್ರಿ ಒಲೆ ಆರಿದ ಮೇಲೂ ಅದು ತೆರೆದೇ ಇರುತ್ತದೆ. ಸಂದಿಗಾಳಿಗೆ ಹೆದರಿ ದೊಡ್ಡ ಒಲೆ ತಂದವರು ಗೋಡೆಗೆ ಹೊಸ ಸಂದಿ ಕೊರೆಸಿದಂತಾಗುತ್ತದೆ.

ಸಂದಿ ಹುಡುಕುವುದಕ್ಕೆ ಯಂತ್ರ ಬೇಡ. ಗಾಳಿ ಜೋರಾಗಿ ಬೀಸುವ ದಿನ ದೇವರ ಮನೆಯ ಊದುಬತ್ತಿ ಒಂದನ್ನು ಹಚ್ಚಿ, ಕಿಟಕಿಯ ಚೌಕಟ್ಟು, ನೆಲದ ಹಲಗೆಗಳ ನಡು, ಗೋಡೆಯ ಬುಡದ ಪಟ್ಟಿ, ಅಟ್ಟಕ್ಕೆ ಹತ್ತುವ ಮುಚ್ಚಳ, ಅಂಚೆ ಹಾಕುವ ಕಿಂಡಿ ಎಲ್ಲದರ ಹತ್ತಿರವೂ ನಿಧಾನವಾಗಿ ಹಿಡಿ. ಹೊಗೆ ಓರೆಯಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡು. ಮೇಲಿನ ಮಲಗುವ ಕೋಣೆಯಲ್ಲಿ ಬಳಸದ ಹಳೆಯ ಅಗ್ಗಿಷ್ಟಿಕೆ ಇದ್ದರೆ ಅದನ್ನು ಮರೆಯಬೇಡ. ಅದರ ಚಿಮಣಿ ಹಗಲು ರಾತ್ರಿ ಮನೆಯ ಬಿಸಿಗಾಳಿಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಅದಕ್ಕೆ ತುರುಕುವ ಉಣ್ಣೆಯ ಮುಚ್ಚಳ ಸಿಗುತ್ತದೆ, ಬೇಕಾದಾಗ ತೆಗೆಯಬಹುದು. ಹೊರಗೋಡೆಯ ಬುಡದಲ್ಲಿ ತೂತಿರುವ ಇಟ್ಟಿಗೆಗಳಿವೆಯಲ್ಲ, ಅವನ್ನು ಮಾತ್ರ ಮುಟ್ಟಬೇಡಿ. ನೆಲದಡಿಗೆ ಗಾಳಿ ಹೋಗದಿದ್ದರೆ ಮರದ ತೊಲೆ ಕೊಳೆಯುತ್ತದೆ. ಕಲ್ಲಿನ ಗೋಡೆಗೂ ಸಿಮೆಂಟು ಮೆತ್ತಬೇಡಿ, ಸುಣ್ಣದ ಗಾರೆಯೇ ಸರಿ.

ಇದರಿಂದ ಎಷ್ಟು ಉಳಿತಾಯ? ಹೊರಗೆ ಸೊನ್ನೆ ಡಿಗ್ರಿ, ಒಳಗೆ ಇಪ್ಪತ್ತು ಇರಲಿ. ಕೋಣೆಯ ಗಾಳಿ ಗಂಟೆಗೆ ಎರಡು ಸಲ ಪೂರ್ತಿ ಬದಲಾಗುತ್ತಿದ್ದರೆ, ಆ ಗಾಳಿಯ ಜೊತೆಗೇ ಸುಮಾರು 860 ವ್ಯಾಟ್ ಬಿಸಿ ಹೊರಗೆ ಹೋಗುತ್ತದೆ. ಅದನ್ನು ಗಂಟೆಗೆ ಅರ್ಧ ಸಲಕ್ಕೆ ಇಳಿಸಿದರೆ ಸುಮಾರು 215. ಬರೀ ವ್ಯಾಟಿನ ಲೆಕ್ಕವೂ ಅಲ್ಲ ಇದು. ಪಾದದ ಮೇಲೆ ತಣ್ಣನೆ ಗಾಳಿ ಹರಿಯುತ್ತಿದ್ದರೆ ಎಷ್ಟು ಬೆಂಕಿ ಹಾಕಿದರೂ ಮೈಗೆ ಹಿತವಿರುವುದಿಲ್ಲ. ಹಾಗಂತ ಗಾಳಿಯೇ ಬಾರದಂತೆ ಬಿಗಿಯಬೇಡಿ. ಒಲೆಗೂ ನಿಮಗೂ ಉಸಿರು ಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಲೆಯಿರುವ ಕೋಣೆಯಲ್ಲೇ ಇರಬೇಕು. ಆ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ದೊಡ್ಡ ಒಲೆಯಲ್ಲಿ ಕಡಿಮೆ ಬೆಂಕಿ ಮಾಡಿಕೊಂಡರಾಯಿತು ಎಂದು ಅಳಿಯಂದಿರು ಕೇಳಬಹುದು. ಸೌದೆಯ ಸ್ವಭಾವ ಹಾಗಲ್ಲ. ಎಂಟು ಕಿಲೋವ್ಯಾಟಿನ ಒಲೆ ಆ ಕೋಣೆಯನ್ನು ಬೇಗನೆ ಕುದಿಸುತ್ತದೆ, ಆಗ ನೀವು ಗಾಳಿಯ ಬಾಯಿ ಮುಚ್ಚುತ್ತೀರಿ. ಗಾಳಿ ಸಾಲದ ಸೌದೆ ಉರಿಯದೆ ಹೊಗೆಯಾಡುತ್ತದೆ. ಗಾಜು ಕಪ್ಪಾಗುತ್ತದೆ, ಡಾಂಬರಿನಂಥ ಜಿಗುಟು ಚಿಮಣಿಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಯಾವತ್ತೋ ಒಂದು ದಿನ ಅದಕ್ಕೇ ಬೆಂಕಿ ಹತ್ತಿಕೊಂಡರೆ ಹಳೆಯ ಚಿಮಣಿ ಬಿರುಕು ಬಿಡುತ್ತದೆ, ಮನೆಗೂ ಹಬ್ಬಬಹುದು. ತೀರ ಚಿಕ್ಕದೂ ಬೇಡ. ಅದಕ್ಕೆ ಬಾಯಿತುಂಬ ತುರುಕಿ ಸದಾ ಗಾಳಿ ಬಿಟ್ಟು ಉರಿಸಿದರೆ ಒಳಗಿನ ತಗಡು ಸೊಟ್ಟಗಾಗುತ್ತದೆ. ನಿಮ್ಮ ಕೋಣೆಗೆ, ಸಂದಿಗಳನ್ನು ಮುಚ್ಚಿದ ಮೇಲೆ, 5 ಕಿಲೋವ್ಯಾಟಿನದು ಸರಿ. ಜಾಹೀರಾತಿನಲ್ಲಿ ‘ಗರಿಷ್ಠ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದನ್ನು ನೋಡಬೇಡಿ, ‘ನಾಮಿನಲ್’ ಎಂಬ ಅಂಕಿ, ಅಂದರೆ ಸಾಮಾನ್ಯ ಉರಿಯಲ್ಲಿ ಕೊಡುವ ಶಾಖ ನೋಡಿ. ಯಾರೋ ಬಳಸಿದ ಹಳೆಯ ಒಲೆ ಅಗ್ಗವೆಂದು ತರಬೇಡಿ. 2022ರ ಜನವರಿಯಿಂದ ಇಲ್ಲಿ ಹೊಸ ಒಲೆಗಳಿಗೆ ಇಕೋಡಿಸೈನ್ ನಿಯಮವಿದೆ, ಹೊಗೆ ಕಡಿಮೆ.

ಸೌದೆಯ ವಿಷಯ ನಿನಗೆ ನಾನು ಹೇಳಬೇಕೆ? ತೀರ್ಥಹಳ್ಳಿಯ ಮನೆಯಲ್ಲಿ ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಿಸುತ್ತಿದ್ದುದನ್ನು ನೋಡಿ ಬೆಳೆದವಳು ನೀನು. ಇಲ್ಲಿ ಬೇಸಿಗೆಯೂ ತೇವ, ಆದ್ದರಿಂದ ಹಸಿ ಓಕ್ ಒಣಗಲು ಎರಡು ವರ್ಷ ಬೇಕು. ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಅಂಥ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ, ನಿಮ್ಮ ಒಲೆಗೆ ಗಂಟೆಗೆ ಒಂದೂವರೆ ಕಿಲೋ ಚಿಲ್ಲರೆ ಸಾಕು. ಹಸಿಯದು ಹಾಕಿದರೆ ಶಾಖದ ಒಂದು ಪಾಲು ನೀರು ಆವಿಯಾಗುವುದಕ್ಕೇ ಹೋಗುತ್ತದೆ, ಕೋಣೆ ಸರಿಯಾಗಿ ಬಿಸಿಯಾಗುವುದಿಲ್ಲ. ಆಗ ಜನ ಒಲೆ ಚಿಕ್ಕದಾಯಿತು ಎಂದುಕೊಳ್ಳುತ್ತಾರೆ.

ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಒಲೆಯ ಆಸೆ ಬಿಟ್ಟುಬಿಡಿ, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಎಷ್ಟೇ ಒಳ್ಳೆಯ ಒಲೆಯಾದರೂ ಸಣ್ಣ ಕಣಗಳನ್ನು ಬಿಡುತ್ತದೆ. ಊರು ಹೊಗೆ ನಿಯಂತ್ರಣ ವಲಯದಲ್ಲಿದೆಯೇ ಎಂದು ಕೌನ್ಸಿಲಿನಲ್ಲಿ ವಿಚಾರಿಸಿ. ಒಲೆ ಕೂರಿಸುವುದಕ್ಕೆ, ಅಂಥ ಕೆಲಸದವರನ್ನು ನೋಂದಾಯಿಸುವ ಹೆಟಾಸ್ ಸಂಸ್ಥೆಯ ನೋಂದಣಿ ಇರುವವರನ್ನೇ ಕರೆಯಿರಿ, ಅದೂ ಬೇಸಿಗೆಯಲ್ಲಿ. ಅಕ್ಟೋಬರಿಗೆ ಅವರು ಕೈಗೆ ಸಿಗುವುದಿಲ್ಲ.

ಅಳತೆಯೇನೋ ಕಳಿಸಿದೆ, ಮೆಟ್ಟಿಲು ಎಲ್ಲಿಂದ ಹತ್ತುತ್ತದೆ ಎಂದು ಬರೆಯಲಿಲ್ಲ. ಆ ಕಡೆಯ ಹಳೆಯ ಮನೆಗಳಲ್ಲಿ ಎಷ್ಟೋ ಸಲ ಕೂರುವ ಕೋಣೆಯಿಂದಲೇ ಮೆಟ್ಟಿಲು ಏರುತ್ತದೆ. ಹಾಗಿದ್ದರೆ ಬಿಸಿಯೆಲ್ಲ ಮೇಲಕ್ಕೆ ಹೋಗಿ ಕೆಳಗಿದ್ದವರು ನಡುಗುತ್ತಾರೆ, ಮೇಲಿನ ಲೆಕ್ಕವೂ ಕೆಡುತ್ತದೆ. ಅಲ್ಲಿ ಒಂದು ಬಾಗಿಲನ್ನೋ ನೆಲ ಮುಟ್ಟುವ ದಪ್ಪ ಪರದೆಯನ್ನೋ ಹಾಕಿಸಬೇಕಾದೀತು. ಇವತ್ತೇ ಅದರ ಫೋಟೊ ಕಳಿಸು, ನೋಡಿ ಹೇಳುತ್ತೇನೆ.