ಕುದ್ರೋಳಿಯ ಅರ್ಚಕಿಯರು

ಮಂಗಳೂರು ನಗರದ ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಾಲಯವಿದೆ. ಜಾತಿಯ ಕಟ್ಟಳೆಯಿಂದಾಗಿ ದೇಗುಲಗಳ ಹೊರಗೆ ನಿಲ್ಲಬೇಕಾಗಿದ್ದ ಬಿಲ್ಲವ ಸಮುದಾಯದವರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಅದೇ ದೇವಾಲಯದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾಗಿ ನೇಮಕಗೊಂಡರು. ಮಂಗಳಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಸಮಾಜವು ದೂರವಿರಿಸಿದ್ದವರ ಕೈಯಿಂದಲೇ ಭಕ್ತರು ಪ್ರಸಾದವನ್ನು ಸ್ವೀಕರಿಸುವಂತಾಯಿತು.

ಹಿಂದುಳಿದವರಿಗೆ ಉದ್ಯೋಗದ ಬಾಗಿಲು ತೆರೆಯುವ ಇಂತಹ ಕ್ರಮಗಳಿಂದ ಅವರ ಬಾಳಿಗೆ ಆಗುವ ಪ್ರಯೋಜನವನ್ನು ಅಳೆಯುವ ಬಗೆ ಯಾವುದು? ಈ ಪ್ರಶ್ನೆ ಕುದ್ರೋಳಿಯೊಂದಕ್ಕೇ ಸೇರಿದುದಲ್ಲ. ಶತಮಾನದ ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ಇಂತಹ ವಿಚಾರಣೆ ಆರಂಭವಾಗಿತ್ತು.

ಮೊದಲನೆಯ ಸಾಧನ ಎಣಿಕೆ. ಸರ್ಕಾರಿ ಹುದ್ದೆಗಳು ಯಾರ ಪಾಲಾಗಿವೆ ಎಂಬುದನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿಯು ಶಿಫಾರಸು ಮಾಡಿತು.

ಆದರೆ ಒಟ್ಟು ಲೆಕ್ಕವು ಒಳಗಿನ ಅಂತರಗಳನ್ನು ಮರೆಮಾಡುತ್ತದೆ. 'ಬ್ರಾಹ್ಮಣೇತರ' ಎಂಬ ಒಂದೇ ಹೆಸರಿನಡಿಯಲ್ಲಿ ಭೂಮಿಯುಳ್ಳ ಪ್ರಬಲರೂ ಅಕ್ಷರವಿಲ್ಲದ ಕೂಲಿಯವರೂ ಸೇರಿದ್ದರು. 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರು ಆಯೋಗವು 1975ರಲ್ಲಿ ನೀಡಿದ ವರದಿಯಲ್ಲಿ ಹಿಂದುಳಿದವರನ್ನು ಸಮುದಾಯ, ಜಾತಿ, ಬುಡಕಟ್ಟುಗಳೆಂದು ಮೂರು ಗುಂಪುಗಳಾಗಿ ವಿಂಗಡಿಸಿತು. ಹೀಗೆ ವಿಂಗಡಿಸಿ ನೋಡುವುದು ಎರಡನೆಯ ಸಾಧನ.

ಮೂರನೆಯದು ಸಂಬಂಧಪಟ್ಟವರನ್ನೇ ಕೇಳುವುದು. ಕುದ್ರೋಳಿಯಲ್ಲಿ ನೇಮಕಗೊಂಡವರ ಸಂಖ್ಯೆ ಎರಡು ಎಂಬುದನ್ನು ಯಾರಾದರೂ ಹೇಳಬಲ್ಲರು. ಅರ್ಚಕಿಯ ವೇತನ ಸಂಸಾರಕ್ಕೆ ಸಾಲುತ್ತದೆಯೆ? ಸಹೋದ್ಯೋಗಿಗಳು ಆಕೆಯನ್ನು ಸರಿಸಮಾನಳೆಂದು ಕಾಣುತ್ತಾರೆಯೆ? ಗುಡಿಯಲ್ಲಿ ಆಕೆಗೆ ಕೈಮುಗಿದವರು ತಮ್ಮ ಮನೆಯ ಮದುವೆಗೆ ನೆರೆಯ ವಿಧವೆಯನ್ನು ಕರೆಯುತ್ತಾರೆಯೆ? ಇವಕ್ಕೆ ಹಾಜರಿ ಪುಸ್ತಕದಲ್ಲಿ ಉತ್ತರವಿರುವುದಿಲ್ಲ.

ಹೀಗೆ ಕೇಳುವವರಿಗೆ ಹೊಣೆಯೂ ಉಂಟು. ನಿಜವನ್ನು ನುಡಿದರೆ ಕೆಲಸಕ್ಕೆ ಕುತ್ತು ಬರುವುದೆಂಬ ಅಂಜಿಕೆ ಬಡವರಿಗೆ ಸಹಜ. ಆದುದರಿಂದ ಮಾಲೀಕರ ಸಮ್ಮುಖದಲ್ಲಿ ಪ್ರಶ್ನಿಸಬಾರದು. ಹೇಳಿದವರ ಹೆಸರನ್ನು ಗುಟ್ಟಾಗಿಡಬೇಕು. ಕಂಡುಕೊಂಡುದನ್ನು ಮೊದಲು ಅವರಿಗೇ ತಿಳಿಸಬೇಕು. ನೇಮಕಾತಿಯ ದಿನ ಹೊಗಳಿ ಸುಮ್ಮನಾಗದೆ, ಹತ್ತು ವರ್ಷಗಳ ಅನಂತರವೂ ಅವರ ಸ್ಥಿತಿಗತಿಯನ್ನು ವಿಚಾರಿಸುವ ಸಮಾಜವೇ ಅವರಿಗೆ ನಿಜವಾದ ಗೌರವವನ್ನು ಸಲ್ಲಿಸುತ್ತದೆ.